ಆಡುವವರು ಬಾರದ ಆಟದ ಪೆಟ್ಟಿಗೆ

ವಾರ್ಷಿಕಾಂಕಕ್ಕೆ ಲೇಖನ ಕೇಳಲು ಬಂದ ಸಂಪಾದಕ ಮಂಡಳಿಯ ವಿದ್ಯಾರ್ಥಿಗಳು ಈ ಸಲ ಮೊದಲೇ ಒಂದು ಷರತ್ತು ಹಾಕಿದರು. “ಮಾಷ್ಟ್ರೇ, ಗಣಿತದ ಮಹತ್ವ ಬೇಡ, ಸಮಯಪಾಲನೆಯೂ ಬೇಡ. ಅವೆರಡೂ ಹಿಂದಿನ ಸಂಚಿಕೆಗಳಲ್ಲಿ ಬಂದಾಗಿದೆ. ಆಟದ ಬಗ್ಗೆ ಬರೆದುಕೊಡಿ.” ಯಾವ ಆಟವೆಂದು ಕೇಳಿದರೆ, ವೀಡಿಯೋ ಆಟವೆಂದು ನಕ್ಕರು. ಆ ನಗುವಿನ ಅರ್ಥ ನನಗೆ ತಿಳಿಯದೆ ಇರಲಿಲ್ಲ. ಮಾಷ್ಟ್ರು ಇದನ್ನು ಬೈದು ನಾಲ್ಕು ಪುಟ ಬರೆಯುತ್ತಾರೆ, ನಾವು ಓದದೆ ಮಗುಚುತ್ತೇವೆ ಎಂಬ ಲೆಕ್ಕಾಚಾರ! ಬೈಯುವ ಕೆಲಸವನ್ನು ನಿಮ್ಮ ತಾಯಂದಿರು ದಿನವೂ ಉಚಿತವಾಗಿ ಮಾಡುತ್ತಿರುವುದರಿಂದ ನಾನು ಅದರಲ್ಲಿ ಪಾಲು ಕೇಳುವುದಿಲ್ಲ. ನಾನು ಹೇಳಹೊರಟಿರುವುದು ಬೇರೆಯೇ ಕತೆ. ಆಟ ಮಾಡುವುದರಲ್ಲಿ ಜಗತ್ತಿನಲ್ಲೇ ಹೆಸರಾದ ಸಂಸ್ಥೆಯೊಂದು ತನ್ನ ಬುದ್ಧಿಯನ್ನೆಲ್ಲ ಸುರಿದು ಒಂದು ಯಂತ್ರವನ್ನು ಮಾಡಿತು. ಆಡಲು ಜನರೇ ಬರಲಿಲ್ಲ. ಮಕ್ಕಳು ಬೇಡವೆಂದ ಆಟ ಎಂಬುದೊಂದು ಇರಲು ಸಾಧ್ಯವೇ? ಇದೆ, ವಿದ್ಯಾರ್ಥಿಮಿತ್ರರೇ. ಅದು ಯಾಕೆ ಹಾಗಾಯಿತೆಂಬುದನ್ನು ಯೋಚಿಸುವುದು ನನಗಂತೂ ಆಟವಾಡಿದಷ್ಟೇ ಸೊಗಸಾಗಿ ಕಂಡಿದೆ.

ಹೆತ್ತವರಿಗಾಗಿ ಎರಡು ಮಾತು. ಈಗ ಮಕ್ಕಳ ಕೈಯಲ್ಲಿ ನಾವು ಕಾಣುವುದು ಫೋನಿನ ಆಟ. ಅದಕ್ಕಿಂತ ಎಷ್ಟೋ ಮೊದಲಿನಿಂದ ಇರುವುದು ಟೆಲಿವಿಷನ್ನಿಗೆ ಜೋಡಿಸಿ ಆಡುವ ಪೆಟ್ಟಿಗೆ. ಇದನ್ನು ಕನ್ಸೋಲ್ ಎನ್ನುತ್ತಾರೆ. ಪೆಟ್ಟಿಗೆ ಒಂದು, ಅದಕ್ಕೆ ಹಾಕುವ ಆಟಗಳು ಬೇರೆ ಬೇರೆ. ಹಿಂದೆ ಗ್ರಾಮಫೋನೂ ಅದರ ತಟ್ಟೆಗಳೂ ಇದ್ದ ಹಾಗೆ. ತಟ್ಟೆಯಿಲ್ಲದ ಗ್ರಾಮಫೋನನ್ನು ಯಾರಾದರೂ ಕೊಳ್ಳುತ್ತಾರೆಯೇ? ಈ ಪ್ರಶ್ನೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಾನು ಹೇಳುವ ಸಂಸ್ಥೆ ಜಪಾನಿನ ನಿಂಟೆಂಡೋ. 1889ರಲ್ಲಿ ಕ್ಯೋಟೋ ನಗರದಲ್ಲಿ ಅದು ಹುಟ್ಟಿದಾಗ ಮಾಡುತ್ತಿದ್ದದ್ದು ಹೂವಿನ ಚಿತ್ರಗಳಿರುವ ಒಂದು ಬಗೆಯ ಇಸ್ಪೀಟು. ಎಂದರೆ ವಿದ್ಯುದ್ದೀಪಗಳು ಮನೆಮನೆಗೆ ಬರುವ ಮೊದಲೇ ಜನರನ್ನು ಆಟಕ್ಕೆ ಕೂರಿಸುವ ಕಸುಬು ಅವರದು. 1983ರಲ್ಲಿ ಜಪಾನಿನಲ್ಲಿ ಅವರು ಹೊರತಂದ ಫ್ಯಾಮಿಕಾಮ್ ಎಂಬ ಪೆಟ್ಟಿಗೆಯೂ, ಮೀಸೆಯ ಮಾರಿಯೋ ಎಂಬ ಕುಳ್ಳನೂ ಜಗತ್ತಿಗೆಲ್ಲ ಪರಿಚಿತರಾದರು. ಹಾಗೆಂದು ಅವರ ದಾರಿ ಯಾವಾಗಲೂ ನೇರವಾಗಿರಲಿಲ್ಲ. 2001ರಲ್ಲಿ ಬಂದ ಗೇಮ್‌ಕ್ಯೂಬ್ ಒಟ್ಟು 2 ಕೋಟಿ 17 ಲಕ್ಷದಷ್ಟು ಮಾರಿತು. ಕೇಳುವಾಗ ದೊಡ್ಡದೆನ್ನಿಸುತ್ತದೆ, ಆದರೆ ಅದೇ ಕಾಲದ ಸೋನಿಯವರ ಪ್ಲೇಸ್ಟೇಷನ್ 2 ಮಾರಿದ್ದು 15 ಕೋಟಿಗೂ ಮಿಗಿಲು.

2002ರಲ್ಲಿ ಸಂಸ್ಥೆಯ ಅಧ್ಯಕ್ಷರಾದವರು ಸತೋರು ಇವಾಟಾ. ವ್ಯಾಪಾರಿಯಾಗಿ ಬೆಳೆದವರಲ್ಲ, ಸ್ವತಃ ಕುಳಿತು ಆಟಗಳ ಪ್ರೋಗ್ರಾಂ ಬರೆದವರು. ಎದುರಾಳಿಗಳು ಇನ್ನಷ್ಟು ಶಕ್ತಿಯ ಯಂತ್ರ, ಇನ್ನಷ್ಟು ಚೆಂದದ ಚಿತ್ರ ಎಂದು ಓಡುತ್ತಿದ್ದಾಗ ಇವರು ಕೇಳಿಕೊಂಡ ಪ್ರಶ್ನೆ ಬೇರೆ: ಆಡದವರು ಯಾಕೆ ಆಡುತ್ತಿಲ್ಲ? ಆಟದ ಹಿಡಿಯ ಮೇಲೆ ವರ್ಷ ವರ್ಷಕ್ಕೆ ಗುಂಡಿಗಳು ಹೆಚ್ಚಾಗಿ, ಹೊಸಬರು ಅದನ್ನು ಮುಟ್ಟಲು ಹೆದರುವ ಸ್ಥಿತಿ ಬಂದಿತ್ತು. 2006ರ ನವೆಂಬರಿನಲ್ಲಿ ಬಂದ ‘ವೀ’ ಎಂಬ ಪೆಟ್ಟಿಗೆಗೆ ಇದ್ದದ್ದು ಟೆಲಿವಿಷನ್ನಿನ ರಿಮೋಟಿನಂಥ ಒಂದು ಬಿಳಿಯ ಕೋಲು. ಕೋಲನ್ನು ಬೀಸಿದರೆ ಪರದೆಯ ಮೇಲಿನ ಗೊಂಬೆ ಬ್ಯಾಟು ಬೀಸುತ್ತದೆ. ಕೈಯ ಚಲನೆಯನ್ನು ಅಳೆಯುವ ಸಣ್ಣ ಉಪಕರಣ ಅದರೊಳಗಿತ್ತು.

ಇದನ್ನು ನಾನು ಪುಸ್ತಕದಿಂದ ಮಾತ್ರ ತಿಳಿದದ್ದಲ್ಲ. ನಮ್ಮ ಕಾಸರಗೋಡಿನ ಎಷ್ಟೋ ಮನೆಗಳಂತೆ ನಮ್ಮ ಮನೆಗೂ ಕೊಲ್ಲಿ ದೇಶದ ನಂಟಿದೆ. 2010ರ ಬೇಸಿಗೆ ರಜೆಯಲ್ಲಿ ಶಾರ್ಜಾದಲ್ಲಿರುವ ಅಳಿಯನ ಮನೆಗೆ ಹೋಗಿದ್ದೆ. ನನ್ನ ಅಕ್ಕ, ಎಂದರೆ ಅವನ ತಾಯಿ, ಊರಿನ ತೋಟದ ಮನೆಯನ್ನು ಬಿಟ್ಟು ಅಲ್ಲಿಗೆ ಬಂದು ಒಂದು ವರ್ಷವಾಗಿತ್ತು. ಏಳನೆಯ ಮಾಳಿಗೆಯ ಎರಡು ಕೋಣೆಯ ಮನೆ. ಮಗ ಸೊಸೆ ಬೆಳಗ್ಗೆ ಹೋದರೆ ಬರುವುದು ಕತ್ತಲಾದ ಮೇಲೆ. ಅಂಗಳವಿಲ್ಲ, ಕರೆದು ಮಾತಾಡಲು ನೆರೆಮನೆಯವರಿಲ್ಲ, ಭಾಷೆಯಿಲ್ಲ. ಮೊಮ್ಮಕ್ಕಳು ಶಾಲೆಯಿಂದ ಬಂದು ಟೆಲಿವಿಷನ್ನಿನ ಮುಂದೆ ಈ ಕೋಲು ಹಿಡಿದು ಕುಣಿಯುತ್ತಿದ್ದವು. ಮೊದಮೊದಲು ಅಕ್ಕ ಸೋಫಾದ ಮೂಲೆಯಲ್ಲಿ ಕುಳಿತು ನೋಡುತ್ತಿದ್ದಳಂತೆ. ನಾನು ಹೋಗುವಷ್ಟರಲ್ಲಿ ಕತೆ ಬದಲಾಗಿತ್ತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೋಲನ್ನು ಹಿಂದಕ್ಕೆ ತೂಗಿ ಮುಂದಕ್ಕೆ ಬೀಸಿ, ಪರದೆಯ ಮೇಲಿನ ಚೆಂಡನ್ನು ಉರುಳಿಸಿ ಹತ್ತು ಗೂಟಗಳನ್ನೂ ಒಂದೇ ಏಟಿಗೆ ಕೆಡಹುತ್ತಿದ್ದಳು. ಅರುವತ್ತೆರಡು ವರ್ಷದ ಹೆಂಗಸು! ಎಂಟು ವರ್ಷದ ಮೊಮ್ಮಗ ಸೋತು ಮುಖ ಊದಿಸಿಕೊಂಡಿದ್ದ. ಯಾವಾಗ ಕಲಿತೆಯಕ್ಕ ಎಂದರೆ, “ಕಲಿಯುವುದಕ್ಕೆ ಇದರಲ್ಲಿ ಏನುಂಟು ಮಾರಾಯ, ಬೀಸಿದರಾಯಿತು. ಅಂಗಳ ಗುಡಿಸುವುದಕ್ಕಿಂತ ಸುಲಭ” ಎಂದಳು.

ಇವಾಟಾ ಅವರ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ಸಿಗಲಾರದೆಂದು ನನಗೆ ತೋರುತ್ತದೆ. ಅಕ್ಕನಿಗೆ ಯಾರೂ ಆಟವನ್ನು ವಿವರಿಸಲಿಲ್ಲ. ನೋಡಿದಳು, ಅರ್ಥವಾಯಿತು, ಕೈ ಚಾಚಿದಳು. ಆಟಿಯ ಮಳೆಗೆ ಚೆನ್ನೆಮಣೆ ಹಾಕಿದರೆ ಆಡುವವರು ಇಬ್ಬರಾದರೂ ಸುತ್ತ ಕುಳಿತವರು ಆರೇಳು ಮಂದಿ ಇರುತ್ತಾರಷ್ಟೆ? ಕಾಯಿ ಎಣಿಸುವವರು, ತಪ್ಪು ಹಿಡಿಯುವವರು, ಸೋತವರ ಜಾಗಕ್ಕೆ ಬರಲು ಕಾಯುವವರು. ನೋಡುವವರು ನಾಳೆ ಆಡುವವರಾಗುತ್ತಾರೆ. ವೀ ಪೆಟ್ಟಿಗೆ ಟೆಲಿವಿಷನ್ನಿನ ಮುಂದೆ ಅಂಥ ಒಂದು ಚಾವಡಿಯನ್ನು ಕಟ್ಟಿತು. ಜಪಾನಿನ ಹೊರಗೆ ಬಹುತೇಕ ಕಡೆ ಪೆಟ್ಟಿಗೆಯ ಜೊತೆಗೇ ಟೆನಿಸ್, ಗೂಟ ಉರುಳಿಸುವ ಆಟ ಮೊದಲಾದವುಗಳಿರುವ ‘ವೀ ಸ್ಪೋರ್ಟ್ಸ್’ ತಟ್ಟೆಯನ್ನು ಕೊಡುತ್ತಿದ್ದರು. ಒಟ್ಟು ಮಾರಾಟವಾದ ವೀ ಪೆಟ್ಟಿಗೆಗಳ ಸಂಖ್ಯೆ 10 ಕೋಟಿ 16 ಲಕ್ಷ.

ಇಂಥ ಗೆಲುವಿನ ನಂತರ ಅದೇ ಸಂಸ್ಥೆ, ಅದೇ ಇವಾಟಾ, ಅದೇ ಕಲಾವಿದರು ಸೇರಿ 2012ರ ನವೆಂಬರ್ 18ರಂದು ಅಮೇರಿಕದಲ್ಲಿಯೂ ಡಿಸೆಂಬರಿನಲ್ಲಿ ಜಪಾನಿನಲ್ಲಿಯೂ ಹೊರತಂದ ಯಂತ್ರವೇ ನಮ್ಮ ಕಥಾನಾಯಕ. ಅದರ ಹೆಸರು ‘ವೀ ಯು’.

ಹೆಸರಿನಿಂದಲೇ ತೊಂದರೆ ಶುರುವಾಯಿತು. ವಿದ್ಯಾರ್ಥಿಗಳೇ, ಒಂಬತ್ತನೆಯ ತರಗತಿಯ ಪಠ್ಯಪುಸ್ತಕ ಪೂರ್ತಿ ಬದಲಾಗಿದೆ, ಆದರೆ ಹೊದಿಕೆ ಹಳೆಯದರಂತೆಯೇ ಇದೆ, ಹೆಸರಿನ ಕೊನೆಗೆ ಒಂದಕ್ಷರ ಮಾತ್ರ ಸೇರಿದೆ ಎಂದುಕೊಳ್ಳಿ. ನಿಮ್ಮ ತಂದೆಯವರು ಅಂಗಡಿಯಲ್ಲಿ ಏನು ಹೇಳುತ್ತಾರೆ? “ಅಣ್ಣನ ಪುಸ್ತಕ ಮನೆಯಲ್ಲಿದೆಯಲ್ಲ, ಅದನ್ನೇ ಓದು.” ಜಗತ್ತಿನ ತಂದೆತಾಯಂದಿರೆಲ್ಲ ಈ ವಿಷಯದಲ್ಲಿ ಒಂದೇ. 2011ರ ಜೂನಿನಲ್ಲಿ ಲಾಸ್ ಏಂಜಲೀಸಿನ ಪ್ರದರ್ಶನದಲ್ಲಿ ನಿಂಟೆಂಡೋದವರು ಇದನ್ನು ಮೊದಲ ಬಾರಿಗೆ ತೋರಿಸಿದಾಗ, ಮುಂದಿಟ್ಟು ಹೊಗಳಿದ್ದು ಕೈಯಲ್ಲಿ ಹಿಡಿಯುವ ಪರದೆಯ ಹಲಗೆಯನ್ನು. ಪೆಟ್ಟಿಗೆಯ ವಿಷಯ ಹಿಂದೆಯೇ ಉಳಿಯಿತು. ನೋಡಿದ ಅನೇಕರು ಇದು ಹಳೆಯ ವೀ ಪೆಟ್ಟಿಗೆಗೆ ಜೋಡಿಸುವ ಹೊಸದೊಂದು ಬಿಡಿಭಾಗವೆಂದೇ ತಿಳಿದರು. ಹಳೆಯ ಬಿಳಿಯ ಕೋಲುಗಳೂ ಇದರಲ್ಲಿ ಕೆಲಸ ಮಾಡುತ್ತಿದ್ದವು. ಕೊಳ್ಳುವವರಿಗೆ ಖರ್ಚು ಉಳಿಯಲೆಂದು ಮಾಡಿದ ಉಪಕಾರವೇ ಅದು. ಆದರೆ ಇದು ಹೊಸ ಯಂತ್ರವೋ ಹಳೆಯದರ ಬಾಲವೋ ಎಂಬ ಗೊಂದಲಕ್ಕೆ ಅದೂ ತುಪ್ಪ ಸುರಿಯಿತು. ಎರಡು ವರ್ಷಗಳಾದರೂ ಗೊಂದಲ ಹೋಗಲಿಲ್ಲ. ಯಂತ್ರದ ಹಲಗೆಯ ಪ್ರಯೋಜನವನ್ನು ಜನರಿಗೆ ಮುಟ್ಟಿಸಲು ತಮ್ಮಿಂದಾಗಿಲ್ಲವೆಂದು 2014ರ ಜನವರಿಯಲ್ಲಿ ಇವಾಟಾ ಅವರೇ ಹೂಡಿಕೆದಾರರ ಮುಂದೆ ಹೇಳಬೇಕಾಯಿತು.

ಹಾಗಾದರೆ ಹಲಗೆಯಲ್ಲಿ ಹುರುಳಿರಲಿಲ್ಲವೇ? ಇತ್ತು, ಇದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಆರು ಇಂಚಿಗೆ ತುಸು ಮಿಕ್ಕಿದ, ಮುಟ್ಟಿದರೆ ಸ್ಪಂದಿಸುವ ಪರದೆ, ಅದರ ಎರಡು ಬದಿಗೆ ಗುಂಡಿಗಳು. ಮನೆಯವರು ಟೆಲಿವಿಷನ್ನಿನಲ್ಲಿ ವಾರ್ತೆ ನೋಡುತ್ತಿದ್ದರೆ, ಎಷ್ಟೋ ಆಟಗಳನ್ನು ಮಗು ಅದೇ ಕೋಣೆಯಲ್ಲಿ ಈ ಹಲಗೆಯಲ್ಲಿ ಮುಂದುವರಿಸಬಹುದಿತ್ತು. ಇನ್ನೂ ಸ್ವಾರಸ್ಯದ್ದು ‘ನಿಂಟೆಂಡೋ ಲ್ಯಾಂಡ್’ ಎಂಬ ತಟ್ಟೆಯಲ್ಲಿದ್ದ ಮುಟ್ಟಾಟ. ಐದು ಮಂದಿ ಆಡಬಹುದು. ಓಡುವವನ ಕೈಯಲ್ಲಿ ಹಲಗೆ. ಅದರಲ್ಲಿ ಇಡೀ ಬಯಲಿನ ನಕ್ಷೆ, ಯಾರು ಎಲ್ಲಿದ್ದಾರೆಂಬುದು ಅವನೊಬ್ಬನಿಗೇ ಗೊತ್ತು. ಹಿಡಿಯುವ ನಾಲ್ವರು ಟೆಲಿವಿಷನ್ನನ್ನು ನೋಡುತ್ತ, ‘ಅಗೋ ಹಳದಿ ಬಣ್ಣದ ಕಡೆ ಓಡಿದ, ಇಗೋ ಕೆಂಪಿನ ಕಡೆ’ ಎಂದು ಕೂಗಿ ಕೂಗಿ ಒಬ್ಬರಿಗೊಬ್ಬರು ತಿಳಿಸಬೇಕು. ಒಂದೇ ಆಟದಲ್ಲಿ ಇಬ್ಬರಿಗೆ ಎರಡು ನೋಟ! ಇದು ನಿಜವಾಗಿಯೂ ಹೊಸ ಯೋಚನೆ. ಆಡಿದವರು ಮೆಚ್ಚಿಕೊಂಡರು.

ಆದರೆ ನಾನು ಅದನ್ನು ಹೇಳಲು ಎಷ್ಟು ವಾಕ್ಯಗಳನ್ನು ಬರೆಯಬೇಕಾಯಿತು, ಗಮನಿಸಿದಿರಾ? ಅಕ್ಕನ ಆಟವನ್ನು ಹೇಳಲು ‘ಬೀಸಿದರಾಯಿತು’ ಎಂಬ ಒಂದು ಮಾತು ಸಾಕಾಗಿತ್ತು. ಆಟವನ್ನು ವಿವರಿಸಬೇಕಾಗಿ ಬಂದಾಗ ಅರ್ಧ ಜನ ಎದ್ದು ಹೋಗುತ್ತಾರೆ. ಅದೂ ಅಲ್ಲದೆ ಹಲಗೆ ಪೆಟ್ಟಿಗೆಗೊಂದೇ. ಹಲಗೆ ಹಿಡಿದವನ ಪರದೆ ಅವನ ಅಂಗೈಯಲ್ಲಿ. ಪಕ್ಕದಲ್ಲಿ ಕುಳಿತವರಿಗೆ ಅವನ ನೆತ್ತಿ ಮಾತ್ರ ಕಾಣುತ್ತದೆ. ಮನೆಯ ಇನ್ನೊಂದು ಮೂಲೆಯ ಕೋಣೆಗೆ ಕೊಂಡುಹೋದರೆ ಪೆಟ್ಟಿಗೆಯೊಡನೆ ಸಂಪರ್ಕ ಕಡಿದುಹೋಗುತ್ತದೆ. ಚಾವಡಿಯ ಆಟವೂ ಆಗಲಿಲ್ಲ, ಜೇಬಿನ ಆಟವೂ ಆಗಲಿಲ್ಲ.

ನೋಡುವವರನ್ನು ಹೊರಗಿಟ್ಟ ಇನ್ನೊಂದು ಪೆಟ್ಟಿಗೆಯೂ ಇದೇ ಸಂಸ್ಥೆಯ ಚರಿತ್ರೆಯಲ್ಲಿದೆ. 1995ರಲ್ಲಿ ಬಂದ ‘ವರ್ಚುವಲ್ ಬಾಯ್’. ಮೇಜಿನ ಮೇಲೆ ಎರಡು ಕಾಲಿನ ಆಧಾರದಲ್ಲಿ ನಿಲ್ಲಿಸಿ, ಕನ್ನಡಕದೊಳಗೆ ಮುಖ ತೂರಿಸಿ ಆಡಬೇಕು. ಒಳಗೆ ಕಪ್ಪಿನ ಮೇಲೆ ಕೆಂಪು. ಬೇರೆ ಬಣ್ಣವೇ ಇಲ್ಲ. ಆಡಿದವರು ತಲೆನೋವೆಂದು ದೂರಿದರು. ಅದಕ್ಕಿಂತಲೂ ದೊಡ್ಡ ಕೊರತೆ ಎಂದು ನನಗೆ ತೋರುವುದು, ಪಕ್ಕದಲ್ಲಿ ನಿಂತವನಿಗೆ ಏನೂ ಕಾಣದಿರುವುದು. ಹೊಟ್ಟೆಕಿಚ್ಚು ಪಡಲೂ ಅವಕಾಶವಿಲ್ಲದ ಆಟವನ್ನು ಯಾವ ಹುಡುಗ ತಂದೆಯ ಹತ್ತಿರ ಹಟ ಮಾಡಿ ಕೇಳುತ್ತಾನೆ? 7 ಲಕ್ಷ 70 ಸಾವಿರದಷ್ಟು ಮಾರಿ ಒಂದು ವರ್ಷದೊಳಗೇ ಅದು ನಿಂತುಹೋಯಿತು. ಅದನ್ನು ರೂಪಿಸಿದ ಗುನ್ಪೇ ಯೊಕೊಯ್ ಅವರೇ 1989ರಲ್ಲಿ ‘ಗೇಮ್ ಬಾಯ್’ ಎಂಬ ಕೈಪೆಟ್ಟಿಗೆಯನ್ನು ಕೊಟ್ಟು ಲೋಕವನ್ನೇ ಗೆದ್ದಿದ್ದವರು. ಸೋಲಿಗೆ ಯಾವಾಗಲೂ ದಡ್ಡತನವೇ ಕಾರಣವೆಂದು ನಾವು ತೀರ್ಮಾನಿಸುವುದು ಸರಿಯಲ್ಲ.

ವೀ ಯುವಿಗೆ ಹಿಂದಿರುಗೋಣ. ಅದು ಬರುವಾಗ ಹೊರಗಿನ ಲೋಕವೂ ಬದಲಾಗಿತ್ತು. 2007ರಲ್ಲಿ ಐಫೋನ್, 2010ರಲ್ಲಿ ಐಪ್ಯಾಡ್ ಬಂದಾಗಿತ್ತು. ವೀ ಪೆಟ್ಟಿಗೆಯಿಂದ ಆಟದ ರುಚಿ ಹತ್ತಿಸಿಕೊಂಡ ಮನೆಗಳಲ್ಲಿ ಈಗ ಎಲ್ಲರ ಕೈಯಲ್ಲೂ ಒಂದು ಪರದೆ. 2013ರ ಮಾವಿನ ಕಾಲಕ್ಕೆ ಅಳಿಯ ಊರಿಗೆ ಬಂದಿದ್ದ. ಆ ಬಿಳಿಯ ಕೋಲಿನ ಆಟ ಹೇಗಿದೆ ಎಂದು ವಿಚಾರಿಸಿದೆ. “ಅದು ಕಪಾಟಿನ ಮೇಲೆ ಉಂಟು ಮಾವ. ಮಕ್ಕಳಿಬ್ಬರಿಗೂ ಟ್ಯಾಬ್ ತೆಗೆದುಕೊಟ್ಟಿದ್ದೇನೆ” ಎಂದ. ಹೊಸದೊಂದು ಬಂದಿದೆಯಂತಲ್ಲ ಎಂದೆ. “ಬಂದಿರಬಹುದು. ನಮ್ಮಲ್ಲಿ ಒಂದು ಇದೆಯಲ್ಲ” ಎಂದು ಮಾವಿನಹಣ್ಣಿನ ಕಡೆ ಗಮನ ಕೊಟ್ಟ. ಅಕ್ಕ ಈಗ ಯಾರೊಡನೆ ಆಡುತ್ತಾಳೆ ಎಂದು ಕೇಳಬೇಕೆನ್ನಿಸಿತು; ಕೇಳಲಿಲ್ಲ. ಒಂದೊಂದು ಮಗು ಒಂದೊಂದು ಮೂಲೆಯಲ್ಲಿ ಟ್ಯಾಬ್ ಹಿಡಿದು ಕುಳಿತಿರುವ ಆ ಎರಡು ಕೋಣೆಯ ಮನೆ ಕಣ್ಣಿಗೆ ಕಟ್ಟಿದಂತಾಯಿತು.

ಇನ್ನು ತಟ್ಟೆಯಿಲ್ಲದ ಗ್ರಾಮಫೋನಿನ ಪ್ರಶ್ನೆ. ನಿಂಟೆಂಡೋ ತಾನೊಂದೇ ಎಲ್ಲ ಆಟಗಳನ್ನೂ ಮಾಡಲಾರದು; ಹೊರಗಿನ ಸಂಸ್ಥೆಗಳೂ ಮಾಡಿಕೊಡಬೇಕು. ಫುಟ್ಬಾಲ್ ಹುಚ್ಚಿನ ನಮ್ಮ ಹುಡುಗರಿಗೆ ಅರ್ಥವಾಗುವ ಉದಾಹರಣೆ ಕೊಡುತ್ತೇನೆ. ಎಲೆಕ್ಟ್ರಾನಿಕ್ ಆರ್ಟ್ಸ್ ಎಂಬ ಸಂಸ್ಥೆ ವರ್ಷಕ್ಕೊಂದರಂತೆ ‘ಫಿಫಾ’ ಎಂಬ ಫುಟ್ಬಾಲ್ ಆಟವನ್ನು ಹೊರತರುತ್ತಿತ್ತು. 2011ರ ಪ್ರದರ್ಶನದಲ್ಲಿ ಅದರ ಮುಖ್ಯಸ್ಥರೇ ವೇದಿಕೆಯೇರಿ ವೀ ಯುವಿಗೆ ಭರವಸೆಯ ಮಾತಾಡಿದ್ದರು. ಫಿಫಾ 13 ವೀ ಯುವಿಗೆ ಬಂತು. ಫಿಫಾ 14 ಬರಲಿಲ್ಲ, ಮುಂದೆಯೂ ಬರಲಿಲ್ಲ. 2013ರ ಆರಂಭದ ಎರಡು ತಿಂಗಳಲ್ಲಿ ನಿಂಟೆಂಡೋದ ಸ್ವಂತ ಆಟಗಳೂ ಬಾರದೆ ಇವಾಟಾ ಜನರ ಕ್ಷಮೆ ಕೇಳಿದರು. ಇನ್ನೊಂದು ಪ್ರಸಂಗ ಇದಕ್ಕಿಂತ ಮನ ಕಲಕುವಂಥದು. ಫ್ರಾನ್ಸಿನ ಯುಬಿಸಾಫ್ಟ್ ಸಂಸ್ಥೆಯ ‘ರೇಮನ್ ಲೆಜೆಂಡ್ಸ್’ 2013ರ ಫೆಬ್ರವರಿಯಲ್ಲಿ ವೀ ಯುವಿಗೆಂದೇ ಬರಬೇಕಾಗಿತ್ತು. ಆಟ ಸಿದ್ಧವಾಗಿತ್ತು. ಒಂದೇ ಯಂತ್ರಕ್ಕೆ ಕೊಟ್ಟರೆ ಸಾಲದು, ಉಳಿದ ಯಂತ್ರಗಳಿಗೂ ಒಟ್ಟಿಗೇ ಕೊಡೋಣ ಎಂದು ಮೇಲಿನವರು ಅದನ್ನು ವರ್ಷದ ಉತ್ತರಾರ್ಧದವರೆಗೆ ಮುಂದೂಡಿದರು. ಹಗಲಿರುಳು ದುಡಿದು ಮುಗಿಸಿದ ಕೆಲಸಗಾರರೇ ಅಸಮಾಧಾನಪಟ್ಟರು.

ಇಲ್ಲಿ ಒಂದು ಸುಳಿ ಕಾಣುತ್ತದೆ. ಕೊಳ್ಳುವವರು ‘ಆಟಗಳು ಬರಲಿ, ಆಮೇಲೆ ಪೆಟ್ಟಿಗೆ ಕೊಳ್ಳೋಣ’ ಎನ್ನುತ್ತಾರೆ. ಆಟ ಮಾಡುವವರು ‘ಕೊಳ್ಳುವವರು ಬರಲಿ, ಆಮೇಲೆ ಆಟ ಮಾಡೋಣ’ ಎನ್ನುತ್ತಾರೆ. ಇಬ್ಬರ ಲೆಕ್ಕವೂ ತಪ್ಪಲ್ಲ. ಗಣಿತದ ಅಧ್ಯಾಪಕನಾಗಿ ನಾನು ಎರಡಕ್ಕೂ ಪೂರ್ಣಾಂಕ ಕೊಡಬೇಕಾಗುತ್ತದೆ. ಎರಡು ಸರಿಯಾದ ಲೆಕ್ಕಗಳು ಸೇರಿ ಒಂದು ಯಂತ್ರವನ್ನು ಮುಳುಗಿಸಿದವು. ಬೆಲೆಯೂ ನೆರವಾಗಲಿಲ್ಲ: ವೀ ಬಂದಾಗ 250 ಡಾಲರು ಇದ್ದರೆ ವೀ ಯುವಿಗೆ 300, ಹೆಚ್ಚು ಜಾಗವೂ ನಿಂಟೆಂಡೋ ಲ್ಯಾಂಡ್ ತಟ್ಟೆಯೂ ಇರುವುದಕ್ಕೆ 350. ಒಂದು ವರ್ಷ ಕಳೆಯುವಷ್ಟರಲ್ಲಿ, 2013ರ ನವೆಂಬರಿನಲ್ಲಿ, ಪ್ಲೇಸ್ಟೇಷನ್ 4 ಮತ್ತು ಎಕ್ಸ್‌ಬಾಕ್ಸ್ ವನ್ ಎಂಬ ಹೆಚ್ಚು ಬಲವಾದ ಎರಡು ಯಂತ್ರಗಳು ಬಂದವು. ಪ್ಲೇಸ್ಟೇಷನ್ 4 ಒಂದು ಕೋಟಿ ಮುಟ್ಟಿದ್ದು ಒಂಬತ್ತು ತಿಂಗಳಲ್ಲಿ. ವೀ ಯುವಿಗೆ ಅಷ್ಟಾಗಲು ಎರಡೂವರೆ ವರ್ಷಕ್ಕೂ ಮೇಲೆ ಬೇಕಾಯಿತು.

2014ರ ಮಾರ್ಚಿಗೆ ಮುಗಿಯುವ ವರ್ಷದಲ್ಲಿ 90 ಲಕ್ಷ ಮಾರುತ್ತೇವೆಂದು ಅಂದಾಜಿಸಿದ್ದವರು ಜನವರಿಯಲ್ಲಿ ಅದನ್ನು 28 ಲಕ್ಷಕ್ಕೆ ಇಳಿಸಿದರು. ಸಂಸ್ಥೆಗೆ ಸತತ ಮೂರನೆಯ ವರ್ಷ ವ್ಯವಹಾರದಲ್ಲಿ ನಷ್ಟ. ಆಗ ಇವಾಟಾ ಮಾಡಿದ ಒಂದು ಕೆಲಸವನ್ನು ನಾನು ಮರೆಯಲಾರೆ. ಐದು ತಿಂಗಳ ಕಾಲ ತಮ್ಮ ಸಂಬಳವನ್ನು ಅರ್ಧಕ್ಕೆ ಇಳಿಸಿಕೊಂಡರು. ಉಳಿದ ನಿರ್ದೇಶಕರ ಸಂಬಳವೂ ಕಡಿತವಾಯಿತು. ಕೆಲಸಗಾರರನ್ನು ಯಾಕೆ ಕಡಿಮೆ ಮಾಡಬಾರದೆಂದು ಹಿಂದಿನ ವರ್ಷವೇ ಷೇರುದಾರರು ಕೇಳಿದ್ದರು. ನಾಳೆ ತನ್ನ ಕೆಲಸ ಇರುತ್ತದೋ ಇಲ್ಲವೋ ಎಂದು ಹೆದರಿಕೊಂಡಿರುವವನು ಜನರ ಮನಸ್ಸನ್ನು ತಟ್ಟುವ ಆಟ ಮಾಡಲಾರನೆಂಬುದು ಇವಾಟಾ ಅವರ ಉತ್ತರದ ಸಾರ. 2015ರ ಜುಲೈ 11ರಂದು, 55ರ ವಯಸ್ಸಿನಲ್ಲಿ, ಅವರು ಕಾಯಿಲೆಯಿಂದ ತೀರಿಕೊಂಡರು. ಮುಂದಿನ ಯಂತ್ರದ ಯೋಜನೆ ಅವರ ಕಾಲದಲ್ಲೇ ಆರಂಭವಾಗಿತ್ತು. ಅದು ಅಂಗಡಿಗೆ ಬಂದದ್ದನ್ನು ನೋಡುವ ಭಾಗ್ಯ ಅವರಿಗಿರಲಿಲ್ಲ.

2017ರ ಜನವರಿಯ ವೇಳೆಗೆ ವೀ ಯುವಿನ ತಯಾರಿಕೆ ಕೊನೆಗೊಂಡಿತ್ತು. ಒಟ್ಟು ಮಾರಾಟ 1 ಕೋಟಿ 35 ಲಕ್ಷ 60 ಸಾವಿರ. ಹಳೆಯ ವೀ ಕೊಂಡ 15 ಮನೆಗಳಿಗೆ ಈ ಹೊಸದು 2 ಎಂದ ಹಾಗಾಯಿತು. ಹತ್ತನೆಯ ತರಗತಿಯವರು ಬೇಕಾದರೆ ಭಾಗಿಸಿ ನೋಡಿ.

ಆಟಗಳೇ ಚೆನ್ನಾಗಿರಲಿಲ್ಲವೇನೋ ಎಂದು ಈಗಲೂ ಯಾರಾದರೂ ಹೇಳಬಹುದು. ಅದಕ್ಕೆ ಉತ್ತರ ಕೊಡುವ ಅವಕಾಶ ಲೋಕದಲ್ಲಿ ಅಪರೂಪಕ್ಕೆ ಸಿಗುತ್ತದೆ, ಇಲ್ಲಿ ಸಿಕ್ಕಿದೆ. ವಿಜ್ಞಾನದ ಪಾಠದಲ್ಲಿ ಒಂದನ್ನು ಮಾತ್ರ ಬದಲಿಸಿ ಉಳಿದದ್ದನ್ನು ಹಾಗೆಯೇ ಇಟ್ಟು ಪ್ರಯೋಗ ಮಾಡಿಸುತ್ತಾರಲ್ಲ, ಹಾಗೆ. 2014ರ ಮೇ ತಿಂಗಳಲ್ಲಿ ವೀ ಯುವಿಗೆ ‘ಮಾರಿಯೋ ಕಾರ್ಟ್ 8’ ಎಂಬ ಗಾಡಿ ಓಟದ ಆಟ ಬಂತು. ಅದು ಮಾರಿದ್ದು 84 ಲಕ್ಷ 60 ಸಾವಿರ. ಪೆಟ್ಟಿಗೆಯಿದ್ದ ಐದು ಮನೆಗಳಲ್ಲಿ ಮೂರು ಮನೆಯವರು ಅದನ್ನು ಕೊಂಡರೆಂದಾಯಿತು. ಒಳಗೆ ಬಂದವರಿಗೆ ಊಟ ರುಚಿಸಿತ್ತು. ಬಾಗಿಲಿನವರೆಗೆ ಬಂದವರು ಕಡಿಮೆ.

ನಿಂಟೆಂಡೋ 2016ರ ಅಕ್ಟೋಬರಿನಲ್ಲಿ ತನ್ನ ಮುಂದಿನ ಯಂತ್ರವನ್ನು ಮೂರು ನಾಲ್ಕು ನಿಮಿಷದ ಒಂದು ಚಿತ್ರದಲ್ಲಿ ತೋರಿಸಿತು. ಅದರಲ್ಲಿ ವಿವರಣೆಯ ಮಾತೇ ಇರಲಿಲ್ಲ. ಒಬ್ಬ ಟೆಲಿವಿಷನ್ನಿನಲ್ಲಿ ಆಡುತ್ತಿದ್ದಾನೆ. ಪೆಟ್ಟಿಗೆಯನ್ನು ಅದರ ತೊಟ್ಟಿಲಿನಿಂದ ಎತ್ತುತ್ತಾನೆ. ಎರಡು ಬದಿಗೆ ಹಿಡಿಗಳನ್ನು ‘ಟಕ್’ ಎಂದು ಸಿಕ್ಕಿಸುತ್ತಾನೆ. ಅದೇ ಆಟವನ್ನು ಹೊರಗೆ ಕೊಂಡುಹೋಗಿ ಮುಂದುವರಿಸುತ್ತಾನೆ. ಒಬ್ಬಳು ತಾರಸಿಯ ಮೇಲೆ ಗೆಳೆಯರು ಸೇರಿದಲ್ಲಿಗೆ ತರುತ್ತಾಳೆ. ಅಲ್ಲಿ ಹಿಡಿಗಳನ್ನು ಹಂಚಿಕೊಂಡು ಆಡುತ್ತಾರೆ, ಸುತ್ತ ನಿಂತವರು ನೋಡುತ್ತಾರೆ. ಯೋಚನೆ ಬಹುಪಾಲು ವೀ ಯುವಿನದೇ. ಹಲಗೆಯನ್ನು ಪೆಟ್ಟಿಗೆಯ ಹಗ್ಗದಿಂದ ಬಿಚ್ಚಿ, ಹಲಗೆಯನ್ನೇ ಪೆಟ್ಟಿಗೆಯಾಗಿ ಮಾಡಿದ್ದರು ಅಷ್ಟೆ. ಹೆಸರು ‘ಸ್ವಿಚ್’, ಹಳೆಯ ವೀ ಶಬ್ದದ ಸೋಂಕೂ ಇಲ್ಲ. 2017ರ ಮಾರ್ಚ್ 3ರಂದು ಬಂದ ಇದು ಮುಂದೆ 15 ಕೋಟಿಯನ್ನು ದಾಟಿತು. 2025ರ ಜೂನಿನಲ್ಲಿ ಅದರ ಉತ್ತರಾಧಿಕಾರಿ ಬಂದಾಗ ಹೆಸರಿಗಾಗಿ ಯಾರೂ ತಲೆ ಕೆರೆದುಕೊಳ್ಳಲಿಲ್ಲ. ‘ಸ್ವಿಚ್ 2’ ಎಂದು ಸಂಖ್ಯೆ ಹಾಕಿದರು. ಒಂದರ ನಂತರ ಎರಡು ಬರುತ್ತದೆಂಬುದು ಒಂದನೆಯ ತರಗತಿಯ ಮಗುವಿಗೂ ಗೊತ್ತು.

ಆ ಸ್ವಿಚ್ಚಿಗೆ 2017ರ ಏಪ್ರಿಲಿನಲ್ಲಿ ಅದೇ ಮಾರಿಯೋ ಕಾರ್ಟ್ 8ನ್ನು ಸ್ವಲ್ಪ ತಿದ್ದಿ, ಸ್ವಲ್ಪ ಸೇರಿಸಿ ‘ಡಿಲಕ್ಸ್’ ಎಂಬ ಬಾಲ ಹಚ್ಚಿ ಕೊಟ್ಟರು. ಅದೇ ಮೈದಾನಗಳು, ಅದೇ ಗಾಡಿಗಳು, ಅದೇ ತಿರುವುಗಳು. ಮಾರಾಟ 6 ಕೋಟಿಯನ್ನು ಮೀರಿತು. ಎಂದರೆ ಏಳು ಪಾಲು! ಬಣ್ಣ ಎರಚಿ ಆಡುವ ‘ಸ್ಪ್ಲಾಟೂನ್’ ಕೂಡ 2015ರಲ್ಲಿ ವೀ ಯುವಿನಲ್ಲೇ ಹುಟ್ಟಿದ್ದು. ಸ್ವಿಚ್ಚಿನಲ್ಲಿ ಬಂದ ಅದರ ಎರಡನೆಯ ಭಾಗ ಒಂದು ಕೋಟಿಗೂ ಹೆಚ್ಚು ಮಾರಿತು.

ವೀ ಯುವನ್ನು ನಂಬಿ ಕೊಂಡವರ ವಿಷಯ ಹೇಳದಿದ್ದರೆ ಲೆಕ್ಕ ಪೂರ್ತಿಯಾಗುವುದಿಲ್ಲ. ಆ 1 ಕೋಟಿ 35 ಲಕ್ಷ ಮನೆಗಳಲ್ಲಿಯೂ ಹುಟ್ಟುಹಬ್ಬಕ್ಕೆಂದು ಹಣ ಕೂಡಿಟ್ಟ ತಂದೆಯರಿದ್ದರು, ಪೆಟ್ಟಿಗೆ ಬಿಚ್ಚಿದ ಮಕ್ಕಳಿದ್ದರು. 2023ರ ಮಾರ್ಚಿನಲ್ಲಿ ಅದರ ಆಟಗಳನ್ನು ಕೊಳ್ಳುವ ಅಂತರ್ಜಾಲದ ಅಂಗಡಿ ಮುಚ್ಚಿತು. 2024ರ ಏಪ್ರಿಲಿನಲ್ಲಿ ದೂರದ ಗೆಳೆಯರೊಡನೆ ಆಡುವ ವ್ಯವಸ್ಥೆಯೂ ನಿಂತಿತು. ಈಗ ಆ ಪೆಟ್ಟಿಗೆಯಲ್ಲಿ ಒಂದೇ ಕೋಣೆಯಲ್ಲಿ ಕುಳಿತವರು ಮಾತ್ರ ಒಟ್ಟಿಗೆ ಆಡಬಹುದು. ಐದು ಮಂದಿ ಸೇರಿದರೆ ಮುಟ್ಟಾಟವನ್ನು ಈಗಲೂ ಆಡಲಡ್ಡಿಯಿಲ್ಲ. ಒಬ್ಬನ ಕೈಯಲ್ಲಿ ಹಲಗೆ, ನಾಲ್ವರ ಕೈಯಲ್ಲಿ ಹಳೆಯ ಬಿಳಿಯ ಕೋಲುಗಳು.